ನೆನಪು ಅಳೆಯಲು ಯಾರ ನುಡಿ?

ಹುಮನಾಬಾದ್, ಬಸವಕಲ್ಯಾಣ ತಾಲೂಕುಗಳಲ್ಲಿ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ತಿಂದವರ ಪಾಡು ಕೇಳಿ. ಕೆಲವು ನಿಮಿಷ ಎಚ್ಚರ ತಪ್ಪಿರುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ‘ಸಣ್ಣ ಪೆಟ್ಟು, ಮನೆಗೆ ಹೋಗಿ’ ಎನ್ನುತ್ತಾರೆ. ಬಹಳಷ್ಟು ಜನ ಕೆಲವೇ ವಾರಗಳಲ್ಲಿ ಸುಧಾರಿಸುವುದೂ ನಿಜ. ಆದರೆ ಕೆಲವರಿಗೆ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ, ದುಡಿಮೆ ಕೆಡುತ್ತದೆ. ಸ್ಕ್ಯಾನ್‌ಗೆ ಕಾಣದ ಈ ನಷ್ಟವನ್ನು ಹಿಡಿಯಲು ಪದಗಳ ಪರೀಕ್ಷೆ ಇದೆ.

15 ಪದಗಳನ್ನು ಓದಿ ಹೇಳುತ್ತಾರೆ. ನೆನಪಿದ್ದಷ್ಟನ್ನು ರೋಗಿ ತಿರುಗಿ ಹೇಳಬೇಕು. ಹೀಗೆ 5 ಸಲ. ನಂತರ ಇನ್ನೊಂದು ಪಟ್ಟಿ. ಸುಮಾರು ಅರ್ಧ ತಾಸಿನ ಮೇಲೆ ಮೊದಲ ಪಟ್ಟಿಯಲ್ಲಿ ಎಷ್ಟು ಉಳಿದಿದೆ ಎಂದು ಮತ್ತೆ ಕೇಳುತ್ತಾರೆ. ಸ್ವಿಟ್ಜರ್ಲೆಂಡಿನ ಆಂದ್ರೆ ರೇ ರೂಪಿಸಿದ ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಬೇಕಾದದ್ದು ತರಬೇತಿ ಪಡೆದ ಪರೀಕ್ಷಕ ಮತ್ತು ರೋಗಿಯ ನುಡಿ!

ನಮ್ಮವರು ಚಿಕಿತ್ಸೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ಅಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಪಟ್ಟಿ ಓದಿದರೆ ಅಳೆಯುವುದು ಏನನ್ನು? ಪೆಟ್ಟು ಬಿದ್ದ ಮಿದುಳನ್ನೋ, ಬಾರದ ಭಾಷೆಯನ್ನೋ? ಜೊತೆಗಿದ್ದ ಮಗ ತರ್ಜುಮೆ ಮಾಡಿದರೆ ಪರೀಕ್ಷೆಯೇ ಕೆಟ್ಟಿತು. ನೆಟ್ಟಗಿದ್ದವನಿಗೆ ಮರೆವಿನ ಹಣೆಪಟ್ಟಿ. ನಿಜವಾಗಿ ಮರೆಯುವವನಿಗೆ ‘ಭಾಷೆ ಬರುವುದಿಲ್ಲ, ಅಷ್ಟೇ’ ಎಂಬ ಉತ್ತರ! ಅಪಘಾತ ಪರಿಹಾರದ ದಾವೆಯಲ್ಲಿ ಅವನು ತನ್ನ ನಷ್ಟವನ್ನು ಸಾಬೀತು ಮಾಡುವುದು ಹೇಗೆ?

ಬೆಂಗಳೂರಿನ ಕನ್ನಡವನ್ನು ತಂದು ಹೇರಿದರೂ ಸಾಲದು. ‘ಕಡಲೆಕಾಯಿ’ ಎಂದು ಕೇಳಿಸಿಕೊಂಡ ನಮ್ಮ ರೈತ ‘ಶೇಂಗಾ’ ಎಂದು ತಿರುಗಿ ಹೇಳಿದರೆ ಅದು ಮರೆವೇ?

ವಿಜ್ಞಾನಕ್ಕೆ ಕೊರತೆಯಿಲ್ಲ. ನಿಮ್ಹಾನ್ಸ್ 2004ರಲ್ಲೇ ಹೊರತಂದ ಪರೀಕ್ಷಾ ಮಾಲಿಕೆಯಲ್ಲಿ ಪದಗಳ ನೆನಪಿನ ಪರೀಕ್ಷೆ ಇದೆ. ಓದು ಬಾರದವರಿಗೆ ಬೇರೆ ಅಳತೆಯೂ ಇದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನೂ ಆರಂಭಿಸಿತು. ಆದರೆ ಬೆಂಗಳೂರು ಇಲ್ಲಿಂದ 600 ಕಿ.ಮೀ.ಗೂ ಆಚೆ!

ನಮ್ಮ ಹಕ್ಕೊತ್ತಾಯ ಸ್ಪಷ್ಟ. ಬೀದರ್ ಸೀಮೆಯ ಆಡುಮಾತಿನಲ್ಲಿ ಪದಪಟ್ಟಿ ಸಿದ್ಧವಾಗಲಿ. ಇಲ್ಲಿಯ ಆರೋಗ್ಯವಂತರನ್ನೇ ಪರೀಕ್ಷಿಸಿ ಅದಕ್ಕೆ ಅಳತೆ ಗೊತ್ತುಮಾಡಲಿ. ಎರಡೂ ತಾಲೂಕು ಆಸ್ಪತ್ರೆಗಳಲ್ಲಿ ಅದನ್ನು ನಡೆಸಬಲ್ಲ ಕನ್ನಡ ಬಲ್ಲವರಿರಲಿ. ಮರಾಠಿ, ಉರ್ದು, ಲಂಬಾಣಿ ಮನೆಮಾತಿನವರಿಗೂ ಅವರವರ ನುಡಿಯಲ್ಲೇ ಪರೀಕ್ಷೆಯಾಗಲಿ. ನಮಗೆ ಬೇಡುವ ನ್ಯಾಯ ನೆರೆಯವನಿಗೂ ಸಲ್ಲಬೇಕು.

12ನೇ ಶತಮಾನದಲ್ಲಿ ಕಾಯಕ ಜೀವಿಗಳ ಆಡುಮಾತನ್ನೇ ಅರಿವಿನ ಮಾತಾಗಿಸಿದ ನೆಲ ಕಲ್ಯಾಣ. ಅದೇ ನೆಲದ ಮಗ ತನ್ನ ನೆನಪು ನೆಟ್ಟಗಿದೆಯೇ ಎಂದು ತಿಳಿಯಲು ಪರಭಾಷೆಯ ಮುಂದೆ ಕೈಕಟ್ಟಿ ನಿಲ್ಲಬೇಕೇ? ಕನ್ನಡಿಗರೇ, ಕೇಳಿ! ಕೇಳದಿದ್ದರೆ ಯಾರೂ ಕೊಡುವುದಿಲ್ಲ.