ಗುಂಟೆ ಜಾಗದ ಮನೆಗೂ ಗಾಳಿ, ಬೆಳಕು, ಮಂಜೂರಾತಿ ಬೇಕು

ಚಾಕಣ ನಗರ ಪರಿಷತ್ತು ಹಾಗೂ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ ಇಲ್ಲಿನ ಕನ್ನಡಿಗ ಕಾರ್ಮಿಕ ಕುಟುಂಬಗಳ ಹಕ್ಕೊತ್ತಾಯ

ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ದುಡಿಯಲು ಬಂದವರು ನಾವು. ಬಾಡಿಗೆ ಖೋಲಿಗಳಲ್ಲಿದ್ದು ಉಳಿಸಿದ ದುಡ್ಡಿನಲ್ಲಿ ಅರ್ಧ ಗುಂಟೆ, ಅಂದರೆ 544 ಚದರ ಅಡಿ ಜಾಗ ಕೊಂಡಿದ್ದೇವೆ. ಒಂದು ಸಂಸಾರಕ್ಕೆ ಇಷ್ಟು ನೆಲ ಸಾಕು. ಸರಿಯಾಗಿ ಕಟ್ಟಲು ದಾರಿ ಮಾಡಿಕೊಡಿ.

1. ಮೊದಲು ಕಾಗದ. 2001ರ ಗುಂಠೇವಾರಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 2020ರ ಡಿಸೆಂಬರ್ 31ರವರೆಗಿನ ಗುಂಟೆ ನಿವೇಶನಗಳೂ ಸಕ್ರಮಕ್ಕೆ ಅರ್ಹವಾಗಿವೆ. ವಾರ್ಡಿನಲ್ಲೇ ಶಿಬಿರ ಹಾಕಿ ಅರ್ಜಿ ಪಡೆಯಿರಿ. ಜಾಗದ ದಾಖಲೆಯಿಲ್ಲದೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಮನೆ ಕಟ್ಟುವ ನೆರವೂ ಸಿಗುವುದಿಲ್ಲ.

2. ಹದಿನೈದು ಅಡಿ ಅಗಲ, ಮೂವತ್ತಾರು ಅಡಿ ಉದ್ದದ ಜಾಗಕ್ಕೆ ಮಾದರಿ ನಕ್ಷೆ ಕೊಡಿ. ಎರಡೂ ಪಕ್ಕ, ಹಿಂದೆ ಬೇರೆಯವರ ಗೋಡೆ. ನಡುಮನೆಯಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯುತ್ತದೆ, ರೊಟ್ಟಿ ಹಂಚಿನ ಹೊಗೆ ಕೂಸು ಮಲಗಿದಲ್ಲೇ ಸುತ್ತುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಗೆ ನೆತ್ತಿಯ ಮೇಲೆ ಬೆಳಕಿಂಡಿ ಇರುತ್ತದೆ. ಇಲ್ಲಿಯೂ ನಡುವೆ ಆಕಾಶಕ್ಕೆ ತೆರೆದ ಪುಟ್ಟ ಅಂಗಳವಿರಲಿ, ಮೆಟ್ಟಿಲು ಅದರ ಪಕ್ಕದಲ್ಲೇ ಏರಲಿ. ಅಕ್ಕಪಕ್ಕದ ಮನೆಗಳ ಅಂಗಳ ಒಂದಕ್ಕೊಂದು ತಾಗಿ ಬರುವಂತೆ ನಕ್ಷೆ ಮಾಡಿದರೆ ಇಬ್ಬರಿಗೂ ಹೆಚ್ಚು ಬೆಳಕು.

3. ರಸ್ತೆಗೆ ಮೆಟ್ಟಿಲು ಚಾಚುವುದು ನಿಲ್ಲಬೇಕು. ಗಲ್ಲಿಯೊಳಗೆ ಆಂಬುಲೆನ್ಸ್ ಬರಬೇಕು.

4. ಹಂತಹಂತವಾಗಿ ಕಟ್ಟಲು ಒಂದೇ ಪರವಾನಗಿ ಕೊಡಿ. ಪುಣೆಯಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಬಿ.ವಿ. ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ 35 ಚದರ ಮೀಟರಿನ ನಿವೇಶನಕ್ಕೂ ತಳಪಾಯ, ನೀರು, ಶೌಚಾಲಯ ಒದಗಿಸಿ, ಉಳಿದುದನ್ನು ಕುಟುಂಬಗಳೇ ಕಟ್ಟಿಕೊಳ್ಳಲು ಬಿಟ್ಟರು. ನಮ್ಮ ಸಂಬಳಕ್ಕೆ ಹೊಂದುವ ಕ್ರಮ ಅದೇ. ಈ ವರ್ಷ ಕೆಳಮನೆ, ಬೋನಸ್ ಬಂದಾಗ ಮೇಲ್ಮನೆ.

5. ರಾತ್ರಿ ಪಾಳಿ ಮುಗಿಸಿದವರು ಹಗಲು ನಿದ್ದೆ ಮಾಡಬೇಕು, ಮಕ್ಕಳು ಅದೇ ಹೊತ್ತಿಗೆ ಓದಬೇಕು. ಎಷ್ಟೇ ಚಿಕ್ಕ ಮನೆಯಾಗಲಿ, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಮಾದರಿ ನಕ್ಷೆಯಲ್ಲಿ ಕಡ್ಡಾಯವಾಗಿರಲಿ.

6. ಬಾಡಿಗೆಗಿರುವವರನ್ನು ಮರೆಯಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂಟಿ ಕೋಣೆಗೂ 9.5 ಚದರ ಮೀಟರ್ ಕೇಳುತ್ತದೆ. ಹತ್ತಡಿ-ಹತ್ತಡಿ ಖೋಲಿ 9.3 ಕೂಡ ಮುಟ್ಟುವುದಿಲ್ಲ, ಅದರಲ್ಲೇ ಒಲೆ, ಅದರಲ್ಲೇ ನಾಲ್ಕೈದು ಹಾಸಿಗೆ. ಸಂಹಿತೆಯ ಅಳತೆಯಲ್ಲಿ, ಕಿಟಕಿಯಿಟ್ಟು, ಬೇರೆ ಅಡುಗೆ ಮೂಲೆ ಕೊಟ್ಟು ಬಾಡಿಗೆ ಕೋಣೆ ಕಟ್ಟುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಿ.