ಅಂಗಿ ಒಗೆದವಳ ಲೆಕ್ಕ

ಇಪ್ಪತ್ತು ವರ್ಷದ ಹಿಂದೆ ನಮ್ಮ ಹಿತ್ತಿಲ ಬಚ್ಚಲುಮನೆಗೆ ಶೀಟು ಹೊದಿಸಿದೆವು. ಅಳತೆಗೆ ಕತ್ತರಿಸಲು ಮೇಸ್ತ್ರಿಯ ಕಡೆಯ ಹುಡುಗ ಗರಗಸ ಹಿಡಿದು ಅಂಗಳದಲ್ಲಿ ಕೂತ. ಸ್ವಲ್ಪ ಹೊತ್ತಿಗೆಲ್ಲ ಹಿಟ್ಟಿನ ಗಿರಣಿಯಲ್ಲಿ ನಿಂತವನಂತೆ ಕಂಡ. "ಕೊಡವಿಕೊಳ್ಳಪ್ಪ" ಎಂದು ನಾನೇ ಹಳೆಯ ಟವೆಲು ಕೊಟ್ಟೆ. ಮನೆಗೆಲಸದವಳು ಉಳಿದ ಪುಡಿಯನ್ನೆಲ್ಲ ಗುಡಿಸಿದಳು. ಅವಳಿಗೆ ಒಂದು ಲೋಟ ಕಾಫಿ ಹೆಚ್ಚಿಗೆ ಕೊಟ್ಟೆ. ಅದು ನನ್ನ ಔದಾರ್ಯ!

ಆ ಪುಡಿಯಲ್ಲಿದ್ದದ್ದು ಕಲ್ನಾರು. ಅದೇ ಆಸ್ಬೆಸ್ಟಾಸ್. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆ. ಉಸಿರಿನೊಡನೆ ಒಳಹೋದರೆ ಶ್ವಾಸಕೋಶದಲ್ಲೇ ನೆಲೆಯೂರಬಲ್ಲದು. ಅದನ್ನು ಕರಗಿಸುವ ಶಕ್ತಿ ಮೈಗಿಲ್ಲ. ಶ್ವಾಸಕೋಶದ ಕ್ಯಾನ್ಸರು, ಅದರ ಹೊದಿಕೆಯ ಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರು ತಲೆಯೆತ್ತುವುದು ಇಪ್ಪತ್ತು, ನಲವತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕೆಲಸಗಾರ ನಿವೃತ್ತನಾಗಿರುತ್ತಾನೆ. ಮಾಲೀಕರಿಗೆ ಇದಕ್ಕಿಂತ ಅನುಕೂಲದ ರೋಗ ಇನ್ನಾವುದಿದೆ, ನೀವೇ ಹೇಳಿ.

"ಬೀಡಿ ಸೇದುತ್ತಿದ್ದ, ಅದಕ್ಕೇ ಬಂತು" ಎನ್ನುತ್ತಾರೆ. ಬೀಡಿಯೂ ಕಲ್ನಾರೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ, ನಿಜ. ಆದರೆ ಮೆಸೊಥೆಲಿಯೋಮಕ್ಕೆ ಬೀಡಿ ಕಾರಣವಲ್ಲ. ಗಂಡನ ಅಂಗಿ ಒಗೆದವಳು ಯಾವ ಬೀಡಿ ಸೇದಿದ್ದಳು?

ಇದು ನನ್ನ ಕಲ್ಪನೆಯಲ್ಲ. 1965ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು, ನ್ಯೂಹೌಸ್ ಮತ್ತು ಥಾಂಪ್ಸನ್, ಈ ರೋಗದ 76 ಜನರ ಬದುಕನ್ನು ಕೆದಕಿ ನೋಡಿದರು. ಅವರಲ್ಲಿ 9 ಜನ ಕಲ್ನಾರಿನ ಕೆಲಸ ಮಾಡಿದವರೇ ಅಲ್ಲ. ಮನೆಯವರೊಬ್ಬರು ಮಾಡುತ್ತಿದ್ದರು, ಅಷ್ಟೇ. ಹೆಚ್ಚಾಗಿ ಕಂಡದ್ದು, ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯ ಕಥೆ.

ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಒಳ್ಳೆಯ ಮಾತನ್ನೇ ಹೇಳಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದಿತು. ಸಂತೋಷ. ಆದರೆ ಆ ದಾಖಲೆ ಕೆಲಸಗಾರನದು. ಬಟ್ಟೆ ಒಗೆದವಳದು ಎಲ್ಲಿ? ಗರಗಸ ಹಿಡಿದ ಕೂಲಿ ಹುಡುಗ ಯಾವ ಕಾರ್ಖಾನೆಯ ಪುಸ್ತಕದಲ್ಲಿದ್ದಾನೆ?

"ಬಿಳಿ ಕಲ್ನಾರು ಅಪಾಯವಲ್ಲ, ಎಚ್ಚರದಿಂದ ಬಳಸಿದರಾಯಿತು" ಎಂಬ ವಾದವೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿಯದನ್ನೂ ಸೇರಿಸಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ಸಾರಿದೆ. ಬ್ರಿಟನ್ 1999ರಲ್ಲೇ ಬಿಳಿಯದನ್ನೂ ನಿಷೇಧಿಸಿತು. ಗಣಿ ತೋಡಿ ನಮಗೆ ವರ್ಷಗಟ್ಟಲೆ ಮಾರಿದ ಕೆನಡಾ ಕೂಡ 2018ರಲ್ಲಿ ಬೇಡವೆಂದಿತು. ನಾವು ಮಾತ್ರ ಹೊರಗಿನಿಂದ ತರಿಸಿಕೊಂಡು ಶೀಟು ಮಾಡುತ್ತಲೇ ಇದ್ದೇವೆ. ಬಡವರ ಸೂರಂತೆ! ಸೂರು ಅಗ್ಗವಾದದ್ದು ಹೇಗೆ? ಬೆಲೆಯ ಅರ್ಧವನ್ನು ಯಾರದೋ ಎದೆಗೂಡಿನಲ್ಲಿ ಸಾಲ ಬರೆದಿಟ್ಟು. ಕಲ್ನಾರಿಲ್ಲದ ಶೀಟೂ ಇದೆ, ಒಂದಿಷ್ಟು ದುಬಾರಿ. ಪರದೆ ಬಟ್ಟೆಗೆ ನಾಲ್ಕು ಅಂಗಡಿ ಸುತ್ತುವ ನಾವು ಇದನ್ನು ಒಂದು ಅಂಗಡಿಯಲ್ಲಾದರೂ ಕೇಳಿದ್ದೇವೆಯೆ? ನಾನಂತೂ ಕೇಳಲಿಲ್ಲ.

ಹೋದ ವರ್ಷ ಶೀಟು ಸೋರಿತು. ಬಂದವನು ಅದೇ ಹುಡುಗ. ಈಗ ಅವನೇ ಮೇಸ್ತ್ರಿ, ನಲವತ್ತರ ಹತ್ತಿರ. ಗರಗಸ ತೆಗೆಯಬೇಡವೆಂದೆ, ಕಾರಣವನ್ನೂ ಹೇಳಿದೆ. ನಕ್ಕ. ಗಾರೆ ಕೆಲಸಕ್ಕೆ ಜೊತೆಗೆ ಬಂದಿದ್ದ ಅವನ ಹೆಂಡತಿ ನಗಲಿಲ್ಲ.

"ಶೀಟಿನ ಕೆಲಸ ಇದ್ದ ದಿನ ಇವರ ಬಟ್ಟೆ ಮೂರು ಸಲ ಜಾಲಿಸಬೇಕು ಅಮ್ಮಾ," ಎಂದಳು. "ಬಿಳೀ ನೀರು ಬರ್ತಾನೇ ಇರುತ್ತೆ. ಒಗೆಯೋಕೆ ಮುಂಚೆ ಚೆನ್ನಾಗಿ ಕೊಡವ್ತೀನಿ."