ತನ್ನ ನುಡಿಯಲ್ಲೇ ಅಳುವ ಹಟ

ಜರ್ಮನ್ ಗಾಯಕ ಟಿಲೋ ವೋಲ್ಫ್ 1990ರಲ್ಲಿ ಆರಂಭಿಸಿದ ಗೋಥಿಕ್ ರಾಕ್ ತಂಡ 'ಲಾಕ್ರಿಮೋಸಾ', 2025ರಲ್ಲಿ 'ಲಮೆಂಟ್' ಎಂಬ ಹೊಸ ಆಲ್ಬಮ್ಮನ್ನು ಹೊರತಂದಿತು. ಲಮೆಂಟ್ ಎಂದರೆ ಪ್ರಲಾಪ. ತಂಡದ ಹೆಸರಾದರೂ ಕಣ್ಣೀರಿನದೇ. ಮೊಟ್ಸಾರ್ಟನ 'ರೆಕ್ವಿಯಂ' ಕೃತಿಯ ಒಂದು ಭಾಗದಿಂದ ಪಡೆದದ್ದು. ಮೂವತ್ತೈದು ವರ್ಷ ಅತ್ತದ್ದು ಸಾಲದೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಹಳೆಯ ತಂಡಗಳ ಪ್ರತಿಯೊಂದು ಹೊಸ ಕೃತಿಗೂ 'ಅದೇ ರಾಗ, ಅದೇ ಹಾಡು' ಎಂಬ ಆಕ್ಷೇಪ ಕಾದೇ ಇರುತ್ತದೆ. ಈ ಆಕ್ಷೇಪ ಅರ್ಧಸತ್ಯವೆಂದು ನಾವು ಭಾವಿಸುತ್ತೇವೆ.

ಬದಲಾಗದಿರುವುದು ಎದ್ದು ಕಾಣುತ್ತದೆ: ಕಪ್ಪು-ಬಿಳುಪಿನ ಮುಖಚಿತ್ರಗಳು, ವಿದೂಷಕನ ಲಾಂಛನ, ವೋಲ್ಫ್‌ರ ನಾಟಕೀಯ ಕಂಠ. ಕೆಲವೆಡೆ ಅಲಂಕಾರ ಅತಿಯಾಗಿ ಕೇಳುಗ ದಣಿಯುವುದೂ ನಿಜ. ಆದರೆ 1991ರ ಮೊದಲ ಆಲ್ಬಮ್ 'ಆಂಗ್ಸ್ಟ್'ನಲ್ಲಿದ್ದದ್ದು ಕೀಬೋರ್ಡಿನ ಸ್ವರಗಳ ನಡುವಿನ ಒಂಟಿ ದನಿ. ಫಿನ್‌ಲೆಂಡಿನ ಆನ್ನೆ ನೂರ್ಮಿ ತಂಡವನ್ನು ಸೇರಿದ ಮೇಲೆ, 1995ರ 'ಇನ್‌ಫರ್ನೋ'ದಲ್ಲಿ ಗಿಟಾರುಗಳ ಭಾರ ಬಂತು. 1999ರ 'ಎಲೋಡಿಯಾ'ಕ್ಕೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು. ಶೋಕ ಒಂದೇ ಆದರೂ ಅದರ ಪಾತ್ರೆ ಹಿಗ್ಗುತ್ತ ಬಂದಿದೆ. ಕರುಣವೊಂದೇ ರಸ, ಉಳಿದವು ಅದರ ರೂಪಾಂತರಗಳೆಂಬ ಭವಭೂತಿಯ ನಿಲುವನ್ನು ಬಲ್ಲ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ನಮ್ಮನ್ನು ಹೆಚ್ಚು ಸೆಳೆಯುವುದು ಇನ್ನೊಂದು ಸ್ಥಿರತೆ. ಜರ್ಮನಿಯ ಗೋಥಿಕ್ ರಾಕ್ ಬೆಳೆದದ್ದು ಬ್ರಿಟನ್ನಿನ ಮಾದರಿಯಲ್ಲಿ. 1985ರಲ್ಲಿ ಕಲೋನಿನಲ್ಲಿ ಹುಟ್ಟಿದ 'ಪಿಂಕ್ ಟರ್ನ್ಸ್ ಬ್ಲೂ'ವಿನಂಥ ತಂಡಗಳು ಇಂಗ್ಲಿಷನ್ನೇ ಆರಿಸಿಕೊಂಡವು. ತೊಂಬತ್ತರ ದಶಕದ ಆರಂಭದಲ್ಲಿ 'ಗೋಯ್ಟೆಸ್ ಎರ್ಬೆನ್', ಅಂದರೆ 'ಗಯಟೆಯ ವಾರಸುದಾರರು', ಎಂದು ಹೆಸರಿಟ್ಟುಕೊಂಡ ತಂಡವೂ ಲಾಕ್ರಿಮೋಸಾವೂ ಸಾವು, ಭಯ, ಒಂಟಿತನಗಳನ್ನು ಜರ್ಮನ್ನಿನಲ್ಲೇ ಹಾಡತೊಡಗಿದವು. ಮುಂದೆ ಇಂಗ್ಲಿಷ್ ಹಾಡುಗಳು ಬಂದರೂ ಲಾಕ್ರಿಮೋಸಾದ ಮುಖ್ಯ ನುಡಿ ಬದಲಾಗಲಿಲ್ಲ. ವೋಲ್ಫ್ 'ಹಾಲ್ ಆಫ್ ಸರ್ಮನ್' ಎಂಬ ಸ್ವಂತ ಪ್ರಕಾಶನವನ್ನೂ ಕಟ್ಟಿಕೊಂಡರು. ಹೀಗಾಗಿ ಭಾಷೆಯ ವಿಷಯದಲ್ಲಿ ಹೊರಗಿನವರ ಅಪ್ಪಣೆ ಬೇಕಾಗಲಿಲ್ಲ.

ಹೀಗೆ ಮಾಡಿದ್ದರಿಂದ ಕೇಳುಗರು ಕಡಿಮೆಯಾದರೆ? ಸ್ಪ್ಯಾನಿಷ್ ನುಡಿಯ ಮೆಕ್ಸಿಕೊದಲ್ಲಿ ಈ ತಂಡಕ್ಕೆ ದೊಡ್ಡ ಅಭಿಮಾನಿ ಬಳಗವಿದೆ; 2014ರಲ್ಲಿ 'ಲೈವ್ ಇನ್ ಮೆಕ್ಸಿಕೊ ಸಿಟಿ' ಎಂಬ ಧ್ವನಿಮುದ್ರಿಕೆಯೇ ಬಂದಿದೆ. ಅರ್ಥ ತಿಳಿಯುವ ಮೊದಲೇ ಭಾವ ತಲುಪಬಲ್ಲದು.

ಜರ್ಮನ್ನಿಗೆ ಶ್ರೀಮಂತ ಮಾರುಕಟ್ಟೆಯ ಬೆಂಬಲವಿದೆ, ಕನ್ನಡಕ್ಕೆ ಅದರೊಡನೆ ಹೋಲಿಕೆ ಸಲ್ಲದು ಎನ್ನಬಹುದು. ಒಪ್ಪುತ್ತೇವೆ. ಆದರೂ 2011ರ ಜನಗಣತಿಯಂತೆ 4 ಕೋಟಿಗೂ ಹೆಚ್ಚು ಜನರ ತಾಯ್ನುಡಿಯಾದ ಕನ್ನಡ ಅಷ್ಟೇನೂ ಬಡವಿಯಲ್ಲ. ಹೊರನಾಡಿನಲ್ಲಿ ಗಿಟಾರು ಹಿಡಿದ ನಮ್ಮ ಮಕ್ಕಳಿಗೆ 'ಕನ್ನಡದಲ್ಲಿ ಹಾಡಿದರೆ ಇಲ್ಲಿ ಯಾರು ಕೇಳುತ್ತಾರೆ?' ಎಂದು ಹೇಳುವವರು ಹೊರಗಿನವರಲ್ಲ, ಹಲವು ಬಾರಿ ಮನೆಯವರೇ. ಅವರು ಒಮ್ಮೆ ಲಾಕ್ರಿಮೋಸಾವನ್ನು ಕೇಳಲಿ. 'ಲಮೆಂಟ್' ಮೆಚ್ಚುಗೆಯಾಗಬೇಕೆಂದಿಲ್ಲ. ಒಂದು ತಂಡ ತನ್ನ ನುಡಿಯನ್ನು ಬಿಡದೆಯೇ ಮೂವತ್ತೈದು ವರ್ಷ ಬಾಳಿದೆಯೆಂಬುದು ಮನವರಿಕೆಯಾದರೆ ಸಾಕು.